ಮಣ್ಣಿಗೆ ಈ ಸುಳ್ಳು ಬೇಡ

ಬರಿಗಾಲಲ್ಲಿ ಅರ್ಧ ಗಂಟೆ ಹುಲ್ಲಿನ ಮೇಲೆ ನಿಂತರೆ ಸಾಕು, ಭೂಮಿಯ ಎಲೆಕ್ಟ್ರಾನುಗಳು ಅಂಗಾಲಿನಿಂದ ಮೈಗೇರುತ್ತವಂತೆ. ಉರಿಯೂತ ಇಳಿಯುತ್ತದಂತೆ, ರಕ್ತ ತೆಳುವಾಗುತ್ತದಂತೆ, ಒಳ್ಳೆಯ ನಿದ್ದೆ ಬರುತ್ತದಂತೆ, ಮಂಡಿನೋವು ಹೋಗಿ ಸಕ್ಕರೆ ಕಾಯಿಲೆಯೂ ಹತೋಟಿಗೆ ಬರುತ್ತದಂತೆ. ಇದಕ್ಕೆ 'ಅರ್ಥಿಂಗ್' ಅಥವಾ 'ಗ್ರೌಂಡಿಂಗ್' ಎಂದು ಹೆಸರು. ಯೋಗ ಶಿಬಿರಗಳಲ್ಲಿ ಇದನ್ನು ಹೇಳಿಕೊಡುತ್ತಾರೆ, ರೆಸಾರ್ಟಿನವರು ಪ್ಯಾಕೇಜಿನಲ್ಲಿ ಸೇರಿಸುತ್ತಾರೆ, ಬೆಳಗಿನ ವಾಕಿಂಗಿಗೆ ಬಂದ ಹಿರಿಯರು ಚಪ್ಪಲಿಯನ್ನು ಕಲ್ಲುಬೆಂಚಿನ ಕೆಳಗೆ ಬಿಟ್ಟು ಹುಲ್ಲಿಗಿಳಿಯುತ್ತಾರೆ. ಹೊರಗೆ ಹೋಗಲಾಗದವರಿಗೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಚಾಪೆ, ಹಾಸಿಗೆ ಹೊದಿಕೆ, ಮಣಿಕಟ್ಟಿನ ಪಟ್ಟಿ ಮಾರಾಟಕ್ಕಿವೆ.

ಹುಲ್ಲಿನ ಮೇಲೆ ನಡೆಯುವ ಸುಖದ ಬಗ್ಗೆ ನನಗೆ ತಕರಾರಿಲ್ಲ. ಆ ಸುಖಕ್ಕೆ ತೊಡಿಸಿರುವ ವಿಜ್ಞಾನದ ವೇಷದ ಬಗ್ಗೆ ತಕರಾರಿದೆ. ಅದು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಬರಿಗಾಲಿನಿಂದಾಗಿ ಇಂದಿಗೂ ರಕ್ತ, ಕಾಲು, ಪ್ರಾಣ ಕಳೆದುಕೊಳ್ಳುವ ಜನರಿರುವ ನಾಡಿದು. ಇಲ್ಲಿ ಬರಿಗಾಲನ್ನೇ ಮದ್ದೆಂದು ಸಾರುವುದು ಅಪಾಯ, ಅನ್ಯಾಯ ಕೂಡ.

ಇದನ್ನು ನಮ್ಮ ಋಷಿಗಳ ಕಾಲದ್ದು ಎಂದು ನಂಬಿಸುವವರಿದ್ದಾರೆ. ವಾಸ್ತವದಲ್ಲಿ ಎಲೆಕ್ಟ್ರಾನಿನ ಈ ಕಥೆ ಹುಟ್ಟಿದ್ದು ಅಮೆರಿಕದಲ್ಲಿ, ಕೇಬಲ್ ಟಿವಿ ಉದ್ಯಮದಲ್ಲಿ ದುಡಿದು ನಿವೃತ್ತರಾದ ಕ್ಲಿಂಟ್ ಓಬರ್ ಎಂಬವರಿಂದ. ಕೇಬಲ್ಲಿಗೆ ಸರಿಯಾಗಿ ಅರ್ಥ್ ಕೊಡದಿದ್ದರೆ ಟಿವಿಯ ಚಿತ್ರ ಕೆಡುತ್ತದೆ. ಚಪ್ಪಲಿ ತೊಟ್ಟು ಭೂಮಿಯಿಂದ ಬೇರೆಯಾದ ಮನುಷ್ಯನೂ ಹಾಗೆಯೇ ಕೆಡುತ್ತಿರಬಹುದೇ ಎಂದು 1990ರ ದಶಕದ ಕೊನೆಗೆ ಅವರಿಗೆ ಅನಿಸಿತು. 2010ರಲ್ಲಿ ಹೃದ್ರೋಗ ತಜ್ಞ ಸ್ಟೀಫನ್ ಸಿನಾಟ್ರಾ ಮತ್ತು ಬರಹಗಾರ ಮಾರ್ಟಿನ್ ಜುಕರ್ ಜೊತೆಗೂಡಿ ಅವರು ತಂದ 'ಅರ್ಥಿಂಗ್' ಪುಸ್ತಕ ಈ ಮಾತನ್ನು ಲೋಕಕ್ಕೆ ಹರಡಿತು. ಅದಕ್ಕೂ ಬಹಳ ಮೊದಲೇ ಜರ್ಮನಿಯ ಅಡಾಲ್ಫ್ ಜಸ್ಟ್ ಎಂಬವರು ಮಣ್ಣಿನ ಮೇಲೆ ನಡೆಯಿರಿ, ಮಣ್ಣಿನ ಮೇಲೆ ಮಲಗಿರಿ ಎಂದು ಬರೆದಿದ್ದರು ನಿಜ. ಗಾಂಧೀಜಿ ಆ ಪುಸ್ತಕ ಓದಿಯೇ ಮಣ್ಣಿನ ಪಟ್ಟಿಯ ಚಿಕಿತ್ಸೆಗೆ ತೊಡಗಿದ್ದು. ಈಗಿನವರು ತಮ್ಮ ಮಾತಿಗೆ ಗಾಂಧೀಜಿಯನ್ನೂ ಸಾಕ್ಷಿಗೆ ಕರೆಯುವುದುಂಟು. ಅದೇ ಗಾಂಧೀಜಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಚಪ್ಪಲಿ ಹೊಲಿಯಲು ಕಲಿತರು, ಇತರರಿಗೂ ಕಲಿಸಿದರು. 1914ರಲ್ಲಿ ಆ ದೇಶ ಬಿಡುವಾಗ ತಮ್ಮನ್ನು ಜೈಲಿಗೆ ಹಾಕಿದ್ದ ಜನರಲ್ ಸ್ಮಟ್ಸ್‌ಗೆ ಒಂದು ಜೊತೆ ಚಪ್ಪಲಿಯನ್ನೇ ಕಾಣಿಕೆಯಾಗಿ ಕೊಟ್ಟರು. ಮಣ್ಣನ್ನು ಅಷ್ಟು ನಂಬಿದ್ದವರಿಗೂ ಚಪ್ಪಲಿ ಶತ್ರುವಾಗಿರಲಿಲ್ಲ.

'ಸಂಶೋಧನೆಗಳಿವೆ' ಎಂಬ ಮಾತಿಗೆ ಬರೋಣ. ಇವೆ. 2004ರಲ್ಲಿ ಪ್ರಕಟವಾದ, ಎಲ್ಲರೂ ಎತ್ತಿ ತೋರಿಸುವ ನಿದ್ದೆಯ ಅಧ್ಯಯನದಲ್ಲಿ ಇದ್ದವರು 12 ಮಂದಿ. ಅರ್ಥಿಂಗ್ ಹಾಸಿಗೆಯಲ್ಲಿ 8 ವಾರ ಮಲಗಿ, ನಿದ್ದೆ ಹೇಗಿತ್ತು, ನೋವು ಕಡಿಮೆಯಾಯಿತೇ ಎಂದು ಅವರೇ ಹೇಳಿದ್ದು. ರಕ್ತ ತೆಳುವಾಗುತ್ತದೆ ಎಂದು ಸಾರಿದ 2013ರ ಅಧ್ಯಯನದಲ್ಲಿ ಇದ್ದವರು 10 ಮಂದಿ, ಅರ್ಥಿಂಗ್ ಆದದ್ದು ಎರಡು ಗಂಟೆ. ಹತ್ತು ಹನ್ನೆರಡು ಜನರನ್ನು ನೋಡಿ ಕೆಮ್ಮಿನ ಔಷಧಿಗೂ ಯಾರೂ ಪರವಾನಗಿ ಕೊಡುವುದಿಲ್ಲ. ಈ ಕ್ಷೇತ್ರದ ಲೇಖನಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಗೇಟನ್ ಶೆವಾಲಿಯೇ ಮತ್ತು ಜೇಮ್ಸ್ ಆಶ್ಮನ್. ಅರ್ಥಿಂಗ್ ಸಂಶೋಧನೆಗೆ ಹಣ ಕೊಡುವ ಕಂಪನಿಗೆ ತಾವು ಗುತ್ತಿಗೆಯ ಮೇಲೆ ಕೆಲಸ ಮಾಡುತ್ತೇವೆ, ಅದರಲ್ಲಿ ತಮಗೆ ಸಣ್ಣ ಪಾಲೂ ಇದೆ ಎಂದು ಅವರೇ ತಮ್ಮ ಲೇಖನದ ಕೊನೆಯಲ್ಲಿ ಬರೆದುಕೊಂಡಿದ್ದಾರೆ. ಬರೆದುಕೊಂಡದ್ದು ಪ್ರಾಮಾಣಿಕತೆ. ಆದರೆ ನಮ್ಮ ಮೊಬೈಲಿಗೆ ಬರುವ ವಿಡಿಯೊಗಳು ಆ ಕೊನೆಯ ಸಾಲನ್ನು ಬಿಟ್ಟು ಉಳಿದದ್ದನ್ನಷ್ಟೇ ಓದುತ್ತವೆ.

ಅಧ್ಯಯನ ಹಾಗಿರಲಿ, ಈ ವಾದ ಹೈಸ್ಕೂಲಿನ ಭೌತವಿಜ್ಞಾನದ ಮುಂದೆಯೇ ನಿಲ್ಲುವುದಿಲ್ಲ. ವಿದ್ಯುತ್ತು ಹರಿಯಬೇಕಾದರೆ ಎರಡು ಕಡೆಯ ಒತ್ತಡದಲ್ಲಿ ವ್ಯತ್ಯಾಸ ಇರಬೇಕು. ನಿಮ್ಮ ಮೈಯಲ್ಲಿ ಹೆಚ್ಚೋ ಕಡಿಮೆಯೋ ವಿದ್ಯುದಂಶ ಇದ್ದರೆ ಕಾಲು ನೆಲಕ್ಕೆ ತಾಗಿದೊಡನೆ ಅದು ಸಮವಾಗುತ್ತದೆ. ಮನುಷ್ಯನ ಮೈ ಹಿಡಿದಿಡಬಲ್ಲ ವಿದ್ಯುದಂಶ ಬಹಳ ಸಣ್ಣದು. ಎಂಜಿನಿಯರುಗಳ ಲೆಕ್ಕದಲ್ಲಿ ಮೈಯ ಧಾರಣಶಕ್ತಿ ಸುಮಾರು 100 ಪಿಕೋಫ್ಯಾರಡ್. ಅದು ಸಮವಾಗಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ಆ ಕ್ಷಣ ಕಳೆದ ಮೇಲೆ ನೀವು ಅರ್ಧ ಗಂಟೆ ನಿಂತರೂ ಅರ್ಧ ದಿನ ನಿಂತರೂ ನೆಲದಿಂದ ಮೈಗೆ ಹರಿದು ಶೇಖರವಾಗುವುದು ಏನೂ ಇಲ್ಲ. ಮೊಬೈಲ್ ಚಾರ್ಜ್ ಆದಂತೆ ದೇಹ ಚಾರ್ಜ್ ಆಗುತ್ತದೆ ಎಂಬ ಹೋಲಿಕೆಯನ್ನು ಅವರು ಹೋದಲ್ಲೆಲ್ಲ ಹೇಳುತ್ತಾರೆ. ಮೊಬೈಲಿನೊಳಗೆ ಬ್ಯಾಟರಿ ಇದೆ, ಅದಕ್ಕೆ ಎರಡು ತುದಿಗಳಿವೆ. ಅಂಗಾಲಿಗೆ ಅಂಥದ್ದೇನೂ ಇಲ್ಲ.

ಬಯಲಲ್ಲಿ ನಿಂತಾಗ ವಾತಾವರಣಕ್ಕೂ ಭೂಮಿಗೂ ನಡುವೆ ಒಂದು ಸಣ್ಣ ಪ್ರವಾಹ ಸದಾ ಇರುತ್ತದಲ್ಲ ಎಂದು ಸ್ವಲ್ಪ ಓದಿಕೊಂಡವರು ಕೇಳಬಹುದು. ಇರುತ್ತದೆ. ಮೋಡವಿಲ್ಲದ ದಿನ ಒಂದು ಆಂಪಿಯರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಚದರ ಮೀಟರ್ ನೆಲಕ್ಕೆ ಬರುವುದು ಅದರಲ್ಲಿ ಎರಡು ಪಾಲಿನಷ್ಟು. ಟಾರ್ಚಿನ ಪುಟ್ಟ ಎಲ್‌ಇಡಿ ದೀಪ ಉರಿಯಲು ಅದರ ಸಾವಿರ ಕೋಟಿ ಪಟ್ಟು ಬೇಕು. ಮಂಡಿನೋವನ್ನು ವಾಸಿ ಮಾಡುವ ಶಕ್ತಿ ಇದರಲ್ಲಿದೆ ಎನ್ನುವವರು ಅದು ಹೇಗೆಂದು ತೋರಿಸಬೇಕಾಗುತ್ತದೆ. ಇದುವರೆಗೆ ತೋರಿಸಿದವರಿಲ್ಲ.

ಚಾಪೆ ಮಾರುವವರ ಬಳಿ ಒಂದು ಪ್ರಯೋಗವಿದೆ. ಮಲ್ಟಿಮೀಟರಿನ ಒಂದು ತಂತಿಯನ್ನು ಅರ್ಥಿಗೆ ಕೊಟ್ಟು ಇನ್ನೊಂದನ್ನು ಗಿರಾಕಿಯ ಕೈಗೆ ಹಿಡಿಸುತ್ತಾರೆ. ಮೀಟರು ಒಂದೆರಡು ವೋಲ್ಟ್ ತೋರಿಸುತ್ತದೆ. ಗಿರಾಕಿ ಚಾಪೆಯ ಮೇಲೆ ಕಾಲಿಟ್ಟ ಕೂಡಲೇ ಮುಳ್ಳು ಸೊನ್ನೆಗೆ ಇಳಿಯುತ್ತದೆ. ನೋಡಿದವರು ದಂಗಾಗುತ್ತಾರೆ. ಅಲ್ಲಿ ಮೋಸವೇನೂ ಇಲ್ಲ, ಅರ್ಥವೂ ಇಲ್ಲ. ಗೋಡೆಯೊಳಗಿನ ವೈರುಗಳ ಪ್ರಭಾವದಿಂದ ಮೈಮೇಲೆ ಅಷ್ಟು ಒತ್ತಡ ಕಾಣುತ್ತದೆ. ಅದರ ಹಿಂದೆ ಇರುವ ಪ್ರವಾಹ ಮೈಗೆ ತಿಳಿಯದಷ್ಟು ಕಡಿಮೆ. ಮೈಯನ್ನು ಅರ್ಥಿಗೆ ಜೋಡಿಸಿದರೆ ಒತ್ತಡ ಸೊನ್ನೆಯಾಗುತ್ತದೆ, ಆದರೆ ಆ ವೈರುಗಳಿಂದ ಮೈಯೊಳಗೆ ಹಾದು ಹೋಗುವ ಪ್ರವಾಹ ಹೆಚ್ಚಾಗುತ್ತದೆ. ಅದಕ್ಕೆ ಈಗ ನೆಲದವರೆಗೆ ದಾರಿ ಸಿಕ್ಕಿತಲ್ಲ! ಆ ಹೆಚ್ಚಳವೂ ತೀರಾ ಸಣ್ಣದು, ಹೆದರಬೇಕಾದ್ದಲ್ಲ. ಆದರೂ 'ವಿದ್ಯುತ್ ಮಾಲಿನ್ಯದಿಂದ ರಕ್ಷಣೆ' ಎಂದು ಮಾರುವ ವಸ್ತು ಮಾಡುವುದು ಅದಕ್ಕೆ ನೇರ ವಿರುದ್ಧವಾದ ಕೆಲಸ.

ಇನ್ನೊಂದು ಸಾಕ್ಷಿ ನಮ್ಮ ಕಣ್ಣೆದುರೇ ಇದೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಸರ್ಕ್ಯೂಟ್ ಬೋರ್ಡು ಜೋಡಿಸುವವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಅದರ ತಂತಿಯನ್ನು ಅರ್ಥಿಗೆ ಸಿಕ್ಕಿಸಿ ಇಡೀ ಪಾಳಿ ಕೂರುತ್ತಾರೆ. ಮೈಯ ಸ್ಥಾಯಿವಿದ್ಯುತ್ತು ಚಿಪ್ಪನ್ನು ಸುಡಬಾರದು ಎಂಬುದಕ್ಕೆ ಆ ಏರ್ಪಾಡು. ಬೆಂಗಳೂರಿನಲ್ಲಿ, ಹೊಸೂರಿನಲ್ಲಿ, ಲೋಕದ ಎಷ್ಟೋ ನಗರಗಳಲ್ಲಿ ದಶಕಗಳಿಂದ ಹೀಗೆ ದಿನಕ್ಕೆ ಎಂಟು ಗಂಟೆ 'ಅರ್ಥಿಂಗ್' ಆಗುತ್ತಿರುವ ಕಾರ್ಮಿಕರಿದ್ದಾರೆ, ಹೆಚ್ಚಿನವರು ಹೆಣ್ಣುಮಕ್ಕಳು. ಪಾಳಿ ಮುಗಿಸಿ ಏಳುವಾಗ ಅವರಿಗೂ ಬೆನ್ನು ನೋಯುತ್ತದೆ, ಕಣ್ಣು ಉರಿಯುತ್ತದೆ. ಅರ್ಥಿಂಗ್ ಅವರ ಉರಿಯೂತವನ್ನು ಇಳಿಸಿತೇ ಎಂದು ಅವರನ್ನು ಕೇಳಲು ಈ ಪ್ರಚಾರಕರಲ್ಲಿ ಯಾರೂ ಹೋದಂತಿಲ್ಲ. ಇನ್ನು ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು ಮನೆಯೊಳಗೆ ಬರಿಗಾಲಲ್ಲೇ ಓಡಾಡುವುದು ನಮ್ಮಲ್ಲಿ ಮನೆಮನೆಯ ರೂಢಿ. ಆದರೂ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, 31 ಕೋಟಿಗೂ ಹೆಚ್ಚು ಜನರಿಗೆ ಬಿಪಿ ಇದೆ.

ಪ್ಲಗ್ಗಿಗೆ ಸಿಕ್ಕಿಸುವ ಚಾಪೆಯ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಅದು ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ತೂತನ್ನು ನಂಬಿಕೊಂಡಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಆ ತೂತಿನ ಹಿಂದೆ ಏನಿದೆ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ ನೋಡಿ. ಕೆಲವು ಕಡೆ ವೈರೇ ಇಲ್ಲ. ಕೆಲವು ಕಡೆ ನ್ಯೂಟ್ರಲ್ಲಿಗೇ ತುಂಡು ವೈರು ಹಾಕಿ ಮುಗಿಸಿರುತ್ತಾರೆ. ಇದ್ದಿಲು, ಉಪ್ಪು ತುಂಬಿ ಹೂತ ಅರ್ಥ್ ಪಿಟ್ಟಿಗೆ ಬೇಸಿಗೆಯಲ್ಲಿ ನೀರು ಹಾಕುವವರಿಲ್ಲದೆ ಅದು ಒಣಗಿರುತ್ತದೆ. ಅಂಥ ಮನೆಯಲ್ಲಿ ಗೀಸರೋ ಇಸ್ತ್ರಿಪೆಟ್ಟಿಗೆಯೋ ಕೆಟ್ಟು ಅರ್ಥ್ ವೈರಿಗೆ 230 ವೋಲ್ಟ್ ಬಂದರೆ ಅದೇ ವೈರಿಗೆ ಜೋಡಿಸಿಕೊಂಡು ಮಲಗಿದವರ ಗತಿ ಏನು? ಕಾರ್ಖಾನೆಯ ಮಣಿಕಟ್ಟಿನ ಪಟ್ಟಿಯಲ್ಲಿ ಒಂದು ಮೆಗಾಓಮ್ ರೆಸಿಸ್ಟರನ್ನು ಕಡ್ಡಾಯವಾಗಿ ಇಡುವುದು ಈ ಅಪಾಯಕ್ಕೆ ಹೆದರಿಯೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಚಾಪೆಯೊಳಗೆ ಅದು ಇದೆಯೋ ಇಲ್ಲವೋ ಬಿಚ್ಚಿ ನೋಡುವವರು ಯಾರು?

ಅರ್ಥಿಂಗ್ ಎಂದರೆ ಏನೆಂದು ಪಂಪ್‌ಸೆಟ್ಟಿನ ರೈತನಿಗೆ ಗೊತ್ತಿದೆ. ರಾತ್ರಿ ತ್ರೀ ಫೇಸ್ ಬಂದಾಗ ಒದ್ದೆ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದು ಸ್ಟಾರ್ಟರಿನ ತಗಡಿನ ಪೆಟ್ಟಿಗೆಗೆ ಕೈ ಹಾಕುವವನು ಅವನು. ಪೆಟ್ಟಿಗೆಗೆ ಫೇಸ್ ತಾಗಿದ್ದರೆ ಕರೆಂಟಿಗೆ ನೆಲದವರೆಗಿನ ದಾರಿ ಆಗುವುದು ಅವನ ಮೈ. ಕಾಲಲ್ಲಿ ಒಣಗಿದ ರಬ್ಬರಿನ ಚಪ್ಪಲಿ ಇದ್ದರೆ ಬದುಕುವ ಅವಕಾಶ ಹೆಚ್ಚು. ಲೈನ್‌ಮನ್ನಿಗೆ ಗಮ್ ಬೂಟು ಕೊಡುವುದು, ಸ್ವಿಚ್ ಬೋರ್ಡಿನ ಮುಂದೆ ರಬ್ಬರ್ ಚಾಪೆ ಹಾಸುವುದು ಮನುಷ್ಯನನ್ನು ಭೂಮಿಯಿಂದ ಬೇರೆ ಇಡಲಿಕ್ಕೆ. ದೇಶದಲ್ಲಿ ವಿದ್ಯುದಾಘಾತಕ್ಕೆ ವರ್ಷವೊಂದರಲ್ಲಿ 12 ಸಾವಿರದ ಆಸುಪಾಸಿನ ಜನ ಸಾಯುತ್ತಾರೆ. ರಬ್ಬರ್ ಅಟ್ಟೆಯೇ ಈ ಕಾಲದ ಕಾಯಿಲೆಗಳ ಮೂಲ ಎಂದು ಬರೆಯುವವರು ಆ ಮನೆಗಳ ಜಗುಲಿಯಲ್ಲಿ ಒಮ್ಮೆ ಕೂತು ಬರಬೇಕು.

ಮಣ್ಣು ತಾಯಿ, ಹೌದು. ಮಣ್ಣಿನಲ್ಲಿ ಜೀವವಿದೆ, ಆ ಜೀವಗಳೆಲ್ಲ ನಮ್ಮ ಹಿತಕ್ಕಾಗಿ ಇರುವಂಥವಲ್ಲ. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಲ್ಲಿ ಕಾದಿದ್ದು ಅಂಗಾಲಿನ ಚರ್ಮವನ್ನೇ ಕೊರೆದು ಒಳಗೆ ಬರುತ್ತದೆ, ರಕ್ತದ ಮೂಲಕ ಶ್ವಾಸಕೋಶ ಹತ್ತಿ, ಗಂಟಲಿಗೆ ಬಂದು, ಕರುಳಿಗಿಳಿದು ಅಲ್ಲಿ ಕಚ್ಚಿ ಕೂರುತ್ತದೆ. ಈ ದಾರಿಯನ್ನು ಕಂಡುಹಿಡಿದವರು ಈಜಿಪ್ಟಿನಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಲೂಸ್. ಮರಿಗಳಿದ್ದ ನೀರು ಅವರ ಕೈಮೇಲೆ ಚೆಲ್ಲಿದಾಗ ಚರ್ಮ ಕೆಂಪಾಗಿ ತುರಿಸಿತು, ಅಲ್ಲಿಂದ ಗುಟ್ಟು ತಿಳಿಯಿತು. ಕೊಕ್ಕೆಹುಳುಗಳಲ್ಲಿ ದೊಡ್ಡ ಜಾತಿಯದು ಒಂದೊಂದೂ ದಿನಕ್ಕೆ ಸುಮಾರು 0.2 ಮಿಲಿಲೀಟರ್ ರಕ್ತ ಕಳೆಯುತ್ತದೆ. ನೂರು ಹುಳುಗಳಿರುವ ಮಗುವಿನ ಲೆಕ್ಕ ನೀವೇ ಹಾಕಿ. ಗರ್ಭಿಣಿಗೆ ರಕ್ತ ಸಾಲದು ಎಂದು ಆಸ್ಪತ್ರೆಯಲ್ಲಿ ಬರೆದುಕೊಡುವುದರ ಹಿಂದೆ ಎಷ್ಟೋ ಸಲ ಈ ಹುಳು ಇರುತ್ತದೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ನುಂಗಿಸುತ್ತಿರುವುದು ಇದೇ ಕಾರಣಕ್ಕೆ. ಪಟ್ಟಣದ ಪಾರ್ಕಿನ ಹುಲ್ಲು ಚೊಕ್ಕಟವೆಂದು ತಿಳಿಯಬೇಡಿ. ನಾಯಿಗಳು ಹೇಲುವ ಕಡೆ ನಾಯಿಯ ಕೊಕ್ಕೆಹುಳು ಇರುತ್ತದೆ. ಅದು ಮನುಷ್ಯನ ಕರುಳನ್ನು ಮುಟ್ಟದಿದ್ದರೂ ಪಾದದ ಚರ್ಮದಡಿ ಹಾವಿನ ಹಾದಿಯಂತೆ ಗೆರೆ ಎಳೆಯುತ್ತ ವಾರಗಟ್ಟಲೆ ತುರಿಸುತ್ತದೆ.

ಕರಾವಳಿಯ ವೈದ್ಯರಿಗೆ ಗೊತ್ತಿರುವ ಇನ್ನೊಂದು ಕಾಯಿಲೆ ಮೆಲಿಯಾಯ್ಡೊಸಿಸ್. ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ಕಾಣಿಸುವ ಇದರ ಬ್ಯಾಕ್ಟೀರಿಯ ಮಣ್ಣಿನಲ್ಲೂ ಕೆಸರು ನೀರಿನಲ್ಲೂ ಇರುತ್ತದೆ, ಪಾದದ ಸಣ್ಣ ಗಾಯದಿಂದ ಒಳಗೆ ಬರುತ್ತದೆ. ನೋಡಲು ಕ್ಷಯದಂತೆ, ನ್ಯುಮೋನಿಯದಂತೆ ಕಾಣುವುದರಿಂದ ಎಷ್ಟೋ ಸಲ ಗುರುತು ಸಿಗುವುದೇ ತಡ. ತಡವಾದರೆ ಸಾವು. ಇದಕ್ಕೆ ತುತ್ತಾಗುವವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು. ಸಕ್ಕರೆ ಹತೋಟಿಗೆ ಬರುತ್ತದೆಂದು ಯಾರನ್ನು ಬರಿಗಾಲಲ್ಲಿ ಒದ್ದೆ ಹುಲ್ಲಿಗೆ ಇಳಿಸುತ್ತಿದ್ದಾರೋ ಅವರೇ ಆ ಮಣ್ಣಿನಿಂದ ಹೆಚ್ಚು ಅಪಾಯ ಇರುವವರು. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರ ಸತ್ತು ಮುಳ್ಳು ಚುಚ್ಚಿದ್ದು, ಕಲ್ಲು ಒತ್ತಿದ್ದು, ಬಿಸಿಲಿಗೆ ಕಾದ ಹಾಸುಗಲ್ಲು ಸುಟ್ಟದ್ದು ತಿಳಿಯುವುದಿಲ್ಲ. ಗಾಯ ಕೊಳೆತು ಬೆರಳು ಕತ್ತರಿಸುವ ಹೊತ್ತಿಗೆ ಮನೆಯವರಿಗೆ ಗೊತ್ತಾಗುತ್ತದೆ. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ ಎಂದು ಪಾದದ ವೈದ್ಯರು ಹೇಳುವ ರೋಗಿಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿ ಎನ್ನುವ ಧೈರ್ಯ ಈ ಪ್ರಚಾರಕರಿಗೆ ಎಲ್ಲಿಂದ ಬಂತು?

ಇಲಿಜ್ವರ, ಧನುರ್ವಾಯುಗಳ ಕಥೆ ಎಲ್ಲರಿಗೂ ಗೊತ್ತು. ಹಾವಿನ ಮಾತು ಮಾತ್ರ ಹೇಳಲೇಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಬಹುಪಾಲು ಹಳ್ಳಿಯವರು, ಕಚ್ಚಿದ್ದು ಬಹುಪಾಲು ಕಾಲಿಗೆ. ಬದುವಿನ ಮೇಲೆ ಮಲಗಿದ ಕೊಳಕುಮಂಡಲವನ್ನು ತುಳಿದ ಕಾಲಿಗೆ ಬೂಟು ಇದ್ದಿದ್ದರೆ ಅವರಲ್ಲಿ ಎಷ್ಟೋ ಜನ ಬದುಕಿರುತ್ತಿದ್ದರು. ದೂರದ ಇಥಿಯೋಪಿಯದ ಎತ್ತರದ ನಾಡಿನಲ್ಲಿ ಹುಳುವೂ ಬೇಡ, ಹಾವೂ ಬೇಡ, ಮಣ್ಣೇ ಕಾಯಿಲೆ ತರುತ್ತದೆ. ಅಲ್ಲಿನ ಜ್ವಾಲಾಮುಖಿಯ ಕೆಂಪು ಮಣ್ಣಿನ ಸೂಕ್ಷ್ಮ ಕಣಗಳು ಬರಿಗಾಲಿನ ಚರ್ಮ ಹೊಕ್ಕು ವರ್ಷಗಳ ಮೇಲೆ ಕಾಲನ್ನು ಆನೆಕಾಲಿನಂತೆ ಊದಿಸುತ್ತವೆ. ಪೊಡೊಕೊನಿಯೊಸಿಸ್ ಎಂಬ ಈ ರೋಗ ಬಾರದಂತೆ ತಡೆಯಲು ವೈದ್ಯರು ಹೇಳುವುದು ಕಾಲು ತೊಳೆಯಿರಿ, ಬೂಟು ಹಾಕಿ ಎಂದು.

'ನಮ್ಮ ಹಿರಿಯರು ಬರಿಗಾಲಲ್ಲಿ ನಡೆದು ನೂರು ವರ್ಷ ಬಾಳಿದರು' ಎಂಬ ಮಾತನ್ನು ದಯವಿಟ್ಟು ಬಿಡಿ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು. ನೂರು ಬಾಳಿದ ಒಬ್ಬ ಅಜ್ಜನ ನೆನಪು ನಮಗಿದೆ. ಹೆರಿಗೆಯಲ್ಲಿ, ಜ್ವರದಲ್ಲಿ, ರಕ್ತವಿಲ್ಲದೆ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ. ಆ ಹಿರಿಯರಾದರೂ ಭೂಮಿಗೆ ಮೈ ತಾಗಿಸಿದರೆ ಶಕ್ತಿ ಬರುತ್ತದೆಂದು ಹೇಳಿದ್ದರೇ? ಸನ್ಯಾಸಿಗಳು ಮೆಟ್ಟಿದ್ದು ಮರದ ಹಾವುಗೆ. ಧ್ಯಾನಕ್ಕೆ ಕೂರುವವನು ದರ್ಭೆ, ಕೃಷ್ಣಾಜಿನ, ಬಟ್ಟೆ ಹಾಸಿಕೊಳ್ಳಬೇಕೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಊಟಕ್ಕೆ ಕೂರುವವರಿಗೆ ಮಣೆ ಹಾಕುತ್ತಿದ್ದರು. ನೆಲದ ಮೇಲೆ ಹಾಗೇ ಕೂತರೆ ಮೈಯ ಶಕ್ತಿ ಭೂಮಿಗೆ ಇಳಿದುಹೋಗುತ್ತದೆ, ಅದಕ್ಕೇ ಮಣೆ ಎಂದು ವಿವರಿಸುವ ಸಂದೇಶ ಒಂದು ದಿನ ಬರುತ್ತದೆ; ನೆಲಕ್ಕೆ ಕಾಲು ತಾಗಿದರೆ ಭೂಮಿಯ ಶಕ್ತಿ ಮೈಗೆ ಏರುತ್ತದೆ ಎಂಬುದು ಮರುದಿನ ಅದೇ ಗುಂಪಿಗೆ ಬರುತ್ತದೆ. ಎರಡನ್ನೂ ಮುಂದಕ್ಕೆ ಕಳಿಸುವವರು ಒಬ್ಬರೇ.

ಬರಿಗಾಲು ಎಂಬುದು ನಮ್ಮಲ್ಲಿ ಎಲ್ಲರ ಆಯ್ಕೆಯಾಗಿರಲಿಲ್ಲ. ಮೇಲ್ಜಾತಿಯವರ ಬೀದಿಗೆ ಬಂದಾಗ ದಲಿತರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ತೊಟ್ಟರೆ ಹೊಡೆತ ಬೀಳುತ್ತಿತ್ತು. ಇಡೀ ಊರಿಗೆ ಚಪ್ಪಲಿ ಹೊಲಿದು ಕೊಡುವವರೇ ಬರಿಗಾಲಲ್ಲಿ ಮುಳ್ಳು ತುಳಿದರು. ಹನ್ನೆರಡನೆಯ ಶತಮಾನದ ಹರಳಯ್ಯ ದಂಪತಿಗಳು ಬಸವಣ್ಣನಿಗೆ ಅರ್ಪಿಸಲು ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿದರೆಂಬ ಕಥೆಯನ್ನು ಶರಣರ ನಾಡು ಇಂದಿಗೂ ಕಣ್ತುಂಬಿಕೊಂಡು ಹೇಳುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ, ಕಾಲುಚೀಲ ಸಿಗತೊಡಗಿ ಇನ್ನೂ ಬಹಳ ವರ್ಷಗಳಾಗಿಲ್ಲ. ಆ ಶೂ ತೊಟ್ಟು ಶಾಲೆಗೆ ಹೋಗುವ ಹುಡುಗಿಗೆ, ಅದನ್ನು ಕಳಚು, ನಿಸರ್ಗಕ್ಕೆ ಹತ್ತಿರವಾಗುತ್ತೀಯ ಎನ್ನುವವರು ಅವಳ ಅಜ್ಜಿಯ ಬಿರಿದ ಹಿಮ್ಮಡಿಯನ್ನು ನೋಡಿಲ್ಲ.

ನಿಸರ್ಗದ ಹತ್ತಿರ ಹೋಗುವುದು ಬೇಡವೆಂದು ನಾನು ಹೇಳುತ್ತಿಲ್ಲ. ಹಸಿರು ಮನಸ್ಸಿಗೂ ಮೈಗೂ ಒಳ್ಳೆಯದು ಎಂಬುದಕ್ಕೆ ಎಲೆಕ್ಟ್ರಾನಿನ ಕಥೆಗಿಂತ ಗಟ್ಟಿಯಾದ ಆಧಾರಗಳಿವೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ ದಾಖಲೆಗಳನ್ನು ನೋಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿಗೆ ಬಲವಾದ ಮದ್ದನ್ನು ಕಡಿಮೆ ಕೇಳಿದರು. ಅದೂ 46 ರೋಗಿಗಳ ಸಣ್ಣ ಅಧ್ಯಯನವೇ, ಆದರೆ ಅಲ್ಲಿ ಹೋಲಿಸಿ ನೋಡಲು ಎರಡು ಗುಂಪುಗಳಿದ್ದವು, ಆಮೇಲೆ ಬೇರೆ ಬೇರೆ ಕಡೆಯವರು ಆ ದಾರಿಯಲ್ಲಿ ಬಹಳಷ್ಟು ಕೆಲಸ ಮಾಡಿದರು. ಆ ರೋಗಿಗಳು ಮಣ್ಣು ಮುಟ್ಟಿರಲಿಲ್ಲ, ಮಂಚದಿಂದಲೇ ಮರ ನೋಡಿದ್ದರು. ಬೆಳಗಿನ ಹುಲ್ಲಿನ ಮೇಲೆ ನಡೆದು ಬಂದವರಿಗೆ ಹಾಯೆನಿಸಿದರೆ ಅದು ನಡಿಗೆಯಿಂದ, ಎಳೆಬಿಸಿಲಿನಿಂದ, ಮರಗಳಿಂದ, ಜೊತೆಗಾರರ ಮಾತಿನಿಂದ. ಚಪ್ಪಲಿ ತೊಟ್ಟವರಿಗೂ ಅವೆಲ್ಲ ಸಿಗುತ್ತವೆ.

ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆಂದು ಉಳುವುದಿಲ್ಲ, ಅಗೆಯುವುದಿಲ್ಲ, ಅವಳಿಗೆ ವಿಶ್ರಾಂತಿ ಕೊಡುತ್ತಾರೆ. ಮಲೆನಾಡಿನವರು ಭೂಮಿ ಹುಣ್ಣಿಮೆಯಂದು ಬೆಳಗಿನ ಜಾವ ಗದ್ದೆಗೆ ಅಡುಗೆ ಹೊತ್ತು ಹೋಗಿ ಬಸುರಿ ಭೂಮಿಗೆ ಬಯಕೆಯೂಟ ಬಡಿಸುತ್ತಾರೆ. ಬೆಳಿಗ್ಗೆ ಎದ್ದು ಕಾಲೂರುವ ಮೊದಲು ನೆಲ ಮುಟ್ಟಿ, ನಿನ್ನನ್ನು ತುಳಿಯುತ್ತಿದ್ದೇನೆ ಕ್ಷಮಿಸು ಎನ್ನುವವರು ಈಗಲೂ ಇದ್ದಾರೆ. ಈ ಎಲ್ಲದರಲ್ಲೂ ಮನುಷ್ಯ ಭೂಮಿಗೆ ಏನನ್ನೋ ಕೊಡುತ್ತಾನೆ, ಇಲ್ಲವೇ ಅವಳ ಪಾಡಿಗೆ ಅವಳನ್ನು ಬಿಡುತ್ತಾನೆ. ಅರ್ಥಿಂಗ್ ಪ್ರಚಾರದಲ್ಲಿ ಭೂಮಿಯ ಕೆಲಸ ಒಂದೇ: ನನಗೆ ಬೇಕಾದ್ದನ್ನು ಅರ್ಧ ಗಂಟೆಯಲ್ಲಿ ಕೊಡುವುದು. ಆ ಭೂಮಿಗೆ ಏನಾಗಿದೆ, ಕೆರೆ ಎಲ್ಲಿ ಹೋಯಿತು, ಗೋಮಾಳ ಯಾರ ಪಾಲಾಯಿತು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಬಂದ ಅಂಕೋಲಾದ ತುಳಸಿ ಗೌಡರನ್ನು ಇಡೀ ದೇಶ ನೋಡಿತು. ಅವರ ಬರಿಗಾಲನ್ನು ಎಲ್ಲರೂ ಹೊಗಳಿದರು. ಅವರ ದೊಡ್ಡತನ ಪಾದದಲ್ಲಿರಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತ ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಆಯಬೇಕು, ಹೇಗೆ ಮೊಳೆಯುತ್ತದೆ ಎಂಬುದನ್ನು ಅಕ್ಷರ ಕಲಿಯದೆಯೇ ಅರಿತಿದ್ದ ತಿಳಿವಳಿಕೆಯಲ್ಲಿ ಅದು ಇತ್ತು. ಮಣ್ಣಿನೊಂದಿಗೆ ನಂಟು ಬೇಕೆನ್ನುವವರು ಆ ತಿಳಿವಳಿಕೆಯ ಒಂದು ಪಾಲನ್ನಾದರೂ ಕಲಿಯಲಿ. ಒಂದು ಗಿಡ ನೆಡಲಿ, ಬದುಕಿಸಲಿ, ಅದರ ಬುಡದ ಮಣ್ಣನ್ನು ಕೈಯಾರೆ ಸಡಿಲಿಸಲಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪನೋ ಅಮ್ಮನೋ ಅರ್ಥಿಂಗ್ ಮಾತು ನಂಬಿ ಬರಿಗಾಲಲ್ಲಿ ಪಾರ್ಕಿಗೆ ಹೋಗುತ್ತಿದ್ದರೆ ಇಂದೇ ತಡೆಯಿರಿ. ಅವರ ಅಂಗಾಲನ್ನು ಬೆಳಕಿನಲ್ಲಿ ಹಿಡಿದು ನೋಡಿ, ಬೆರಳ ಸಂದಿಯನ್ನೂ ನೋಡಿ. ವೈದ್ಯರು ಬರೆದುಕೊಡುವ, ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಒಂದು ಜೊತೆ ಕೊಡಿಸಿ, ಅದೇ ಪಾರ್ಕಿಗೆ ಅದೇ ಹೊತ್ತಿಗೆ ಕಳಿಸಿ. ಚಾಪೆ ಕೊಳ್ಳಲು ಎತ್ತಿಟ್ಟ ದುಡ್ಡಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮನೆಯ ಅರ್ಥ್ ಪಿಟ್ ಪರೀಕ್ಷಿಸಿ, ಮೇನ್ ಬೋರ್ಡಿಗೆ ಕರೆಂಟು ಸೋರಿದೊಡನೆ ಲೈನು ಕಡಿಯುವ ಆರ್‌ಸಿಸಿಬಿ ಹಾಕಿಸಿ. ಊರಲ್ಲಿ ಪಂಪ್‌ಸೆಟ್ ಇದ್ದರೆ ಅದರ ಪೆಟ್ಟಿಗೆಗೂ ಸರಿಯಾದ ಅರ್ಥ್ ಕೊಡಿಸಿ, ರಾತ್ರಿ ಮೋಟರು ಹಾಕಲು ಹೋಗುವವರ ಕಾಲಿಗೆ ಗಮ್ ಬೂಟು ತೆಗೆದುಕೊಡಿ.